ತಲೆಸುತ್ತಿನ ಮೇಡಮ್ಮ

ಭೂಮಿ ತಿರುಗುತ್ತದೆ ಎಂದು ಮಧುಗಿರಿಯ ಹೈಸ್ಕೂಲೊಂದರಲ್ಲಿ ನಾನು ಮೂವತ್ತೊಂದು ವರ್ಷ ಪಾಠ ಮಾಡಿದೆ. ಮಕ್ಕಳು ನಂಬಿದರು, ಪರೀಕ್ಷೆಯಲ್ಲಿ ಬರೆದರು, ನಾನು ಅಂಕ ಕೊಟ್ಟೆ. ನನಗೆ ಸ್ವತಃ ಅದರ ಅನುಭವವಾದದ್ದು ನಿವೃತ್ತಿಯಾದ ಎರಡನೆಯ ವರ್ಷ, ಒಂದು ಬೆಳಗ್ಗೆ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದಾಗ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ನಿಂತ ಫ್ಯಾನಿನ ಸಮೇತ ಇಡೀ ಸೂರು ತಿರುಗುತ್ತಿತ್ತು.

ಮುಂದಿನ ನಾಲ್ಕು ತಿಂಗಳು ನನ್ನ ತಲೆಸುತ್ತು ಊರಿನ ಸಾರ್ವಜನಿಕ ಆಸ್ತಿಯಾಯಿತು. ಒಬ್ಬರು ಗ್ಯಾಸ್ ಎಂದರು, ಒಬ್ಬರು ಪಿತ್ತ ಎಂದರು. ಒಬ್ಬ ಡಾಕ್ಟರು ಎರಡು ಬಾಟಲಿ ಗ್ಲೂಕೋಸ್ ಏರಿಸಿದರು. ಇನ್ನೊಬ್ಬರು ಕತ್ತಿನ ಮೂಳೆ ಸವೆದಿದೆಯೆಂದು ಕೊರಳಿಗೆ ಪಟ್ಟಿ ಕಟ್ಟಿದರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ಅಂದಿನಿಂದ ನನ್ನನ್ನೂ ನನ್ನ ಹೆಂಡತಿಯನ್ನೂ ಆಳುತ್ತಿರುವ ನಮ್ಮ ಹಿರಿಯಕ್ಕ, ಇದು ಬೀಳ್ಕೊಡುಗೆಯ ದಿನ ಪೇಟ ತೊಡಿಸಿದಾಗ ತಗುಲಿದ ದೃಷ್ಟಿಯೇ ಎಂದು ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಷ್ಟು ಜನರೂ ಒಮ್ಮತದಿಂದ ಒಪ್ಪಿದ್ದು ಒಂದೇ ಮಾತನ್ನು: ತಲೆ ಅಲ್ಲಾಡಿಸಬಾರದು. ಹಾಗಾಗಿ ನಾಲ್ಕು ತಿಂಗಳು ನಾನು ಮೂರು ದಿಂಬಿಗೆ ಒರಗಿ, ಉತ್ಸವಮೂರ್ತಿಯ ಹಾಗೆ ನೇರ ನೋಡುತ್ತಾ ಕೂತಿದ್ದೆ. ಬಂದವರ ಮುಖ ನಾನು ನೋಡಬೇಕಾದರೆ ಅವರೇ ನನ್ನ ಎದುರಿಗೆ ಬಂದು ನಿಲ್ಲಬೇಕಿತ್ತು. ಕೆಲವರಿಗೆ ಕೈಮುಗಿಯುವ ಮನಸ್ಸೂ ಆಗಿರಬಹುದು.

ನಾನು ಬರೆಯಹೊರಟಿರುವ ಹೆಣ್ಣುಮಗಳು ಈ ಒಮ್ಮತಕ್ಕೆ ಹೊರಗಿದ್ದ ಒಬ್ಬರೇ ಒಬ್ಬರು. ಹೆಸರು ಬರೆಯುವುದಿಲ್ಲ, ಬರೆಯಲೇ ಎಂದು ಅವರನ್ನು ಕೇಳುವ ಮುಖ ನನಗಿಲ್ಲ. ರೋಗಿಗಳು ಅವರನ್ನು ತಲೆಸುತ್ತಿನ ಮೇಡಮ್ಮ ಎನ್ನುತ್ತಿದ್ದರು. ವೃತ್ತಿಯಿಂದ ಫಿಸಿಯೋಥೆರಪಿಸ್ಟು. ಆ ವೃತ್ತಿಯವರು ಸಾಮಾನ್ಯವಾಗಿ ಮಂಡಿ, ಸೊಂಟ, ಲಕ್ವ ನೋಡುತ್ತಾರೆ. ಇವರು ತಲೆಸುತ್ತು ಮತ್ತು ಮೈತೂಕ ತಪ್ಪುವುದಕ್ಕೆಂದೇ ಬೇರೆ ತರಬೇತಿ ಪಡೆದು ಬಂದಿದ್ದರು. ನಮ್ಮ ಕಡೆಯ ಧರ್ಮಾರ್ಥ ಟ್ರಸ್ಟೊಂದು ನಾಲ್ಕು ಊರುಗಳಲ್ಲಿ ಸಣ್ಣ ಚಿಕಿತ್ಸಾಲಯ ನಡೆಸುತ್ತದೆ. ಅದರಲ್ಲಿ ಕರಾರಿನ ಕೆಲಸ ಇವರದು: ಸೋಮವಾರ ಮಧುಗಿರಿ, ಮಂಗಳವಾರ ಕೊರಟಗೆರೆ, ಬುಧವಾರ ಶಿರಾ, ಗುರುವಾರ ಪಾವಗಡ. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಬಸ್ಸಿನ ಟಾಪಿನ ಮೇಲೆ ಒಂದು ಗೋಣಿಚೀಲ. ಚೀಲದ ತುಂಬ ಕಡ್ಲೆಕಾಯಿ ಸಿಪ್ಪೆ. ಕಂಡಕ್ಟರುಗಳು ಮೊದಮೊದಲು ಅದಕ್ಕೆ ಲಗೇಜು ಕೇಳಿ, ಕೈಯಿಟ್ಟು ನೋಡಿ, ಈ ಯಮ್ಮನಿಗೇ ತಲೆ ಸರಿಯಿಲ್ಲವೆಂದು ಬಿಟ್ಟುಬಿಟ್ಟರಂತೆ.

ನಾಲ್ಕು ತಿಂಗಳಾದ ಮೇಲೆ, ಯಾರೋ ಹೇಳಿದರೆಂದು, ಒಂದು ಸೋಮವಾರ ಹೋದೆ. ಅವರ ಕೋಣೆಯಲ್ಲಿ ಒಂದು ಮಂಚ, ಗೋಡೆಗೆ ಬುದ್ಧನ ಚಿತ್ರವಿದ್ದ ಒಂದು ಕ್ಯಾಲೆಂಡರು, ಅದರ ಪಕ್ಕ ಮೊಳೆಗೆ ತೂಗುಹಾಕಿದ ಒಂದು ಪ್ಲಾಸ್ಟಿಕ್ ಬಳೆ. ಬಳೆಯೆಂದರೆ ಗ್ಲೂಕೋಸ್ ಏರಿಸುವ ಕೊಳವೆಯನ್ನೇ ದುಂಡಗೆ ಸುತ್ತಿ, ನೀರು ತುಂಬಿ, ಒಳಗೆ ನಾಲ್ಕು ರಾಗಿ ಕಾಳು ಬಿಟ್ಟದ್ದು.

"ಕಿವಿ ಒಳಗೆ ಇಂಥವು ಮೂರು ಬಳೆ ಇವೆ ಸಾರ್," ಎಂದು ಅದನ್ನು ನನ್ನ ಮೂಗಿನ ಮುಂದೆ ಹಿಡಿದರು. "ಪಕ್ಕದ ಮನೇಲಿ ಇರಬೇಕಾದ ಸುಣ್ಣದ ಕಾಳು ಜಾರಿ ಇದರೊಳಗೆ ಬಿದ್ದಿದೆ. ನೀವು ಹೊರಳಿದ್ರೆ ಅದೂ ಹೊರಳತ್ತೆ. ತಲೆ ಗಿರ್ರನ್ನತ್ತೆ. ಬಂದ ದಾರೀಲೇ ವಾಪಸ್ ಉರುಳಿಸಿದ್ರೆ ಆಯ್ತು."

"ಅಷ್ಟೇನಾ?"

"ಅಷ್ಟೇ. ಆದ್ರೆ ಈಗ ಮೊದಲು ನಿಮಗೆ ತಲೆ ಸುತ್ತು ಬರಿಸ್ತೀನಿ."

"ಹೋಗಿಸ್ಕೊಳ್ಳೋಕೆ ಬಂದೋನಮ್ಮ ನಾನು."

"ಬರದೆ ಹೋಗಲ್ಲ ಸಾರ್."

ನಲ್ಲಿಯಲ್ಲಿ ನನಗೆ ಕಾಣುವಂತೆ ಕೈ ತೊಳೆದರು. ಅದು ಅವರ ಕ್ರಮ. ಯಾರನ್ನೂ ತೊಳೆಯದ ಕೈಯಿಂದ ಮುಟ್ಟಿದವರಲ್ಲ. ಕೊರಳಪಟ್ಟಿ ಬಿಚ್ಚಿ ಮೂಲೆಗೆಸೆದು, ಎರಡು ಅಂಗೈಯಲ್ಲಿ ನನ್ನ ತಲೆ ಹಿಡಿದು ಬಲಕ್ಕೆ ತಿರುಗಿಸಿ, ಹಿಂದಕ್ಕೆ ಕೆಡವಿ, ಮಂಚದ ಅಂಚಿನಿಂದಾಚೆಗೆ ತೂಗಿಬಿಟ್ಟರು. ಸೂರು ತಿರುಗಿತು, ನಾನು ಕೂಗಿದೆ, ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. "ಕಣ್ಣು ಮುಚ್ಬೇಡಿ. ನನ್ನ ಮೂಗು ನೋಡಿ," ಎಂದು ಪಾವಗಡದ ಕಡೆಯವರ ತೆಲುಗಿನಲ್ಲಿ ಒಕಟಿ, ರೆಂಡು, ಮೂಡು ಎಂದು ಎಣಿಸತೊಡಗಿದರು. ಮೂವತ್ತರ ಹೊತ್ತಿಗೆ ಸೂರು ನಿಂತಿತು. ತಲೆಯನ್ನು ಎಡಕ್ಕೆ ತಿರುಗಿಸಿದರು, ಮೈಯನ್ನೂ ಹೊರಳಿಸಿದರು, ಎಬ್ಬಿಸಿ ಕೂರಿಸಿದರು. ನಾಲ್ಕು ತಿಂಗಳ ಕಾಯಿಲೆ ನಾಲ್ಕು ನಿಮಿಷದಲ್ಲಿ ಹೋಯಿತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಅವಮಾನವೇ ಆಯಿತು. ತಾಲ್ಲೂಕೆಲ್ಲ ಬಂದು ನೋಡಿ ಹೋದ ಕಾಯಿಲೆಗೆ ಇನ್ನೂ ಒಂದಿಷ್ಟು ಘನತೆಯ ಸಾವು ಬರಬೇಕಿತ್ತು.

ಸುತ್ತು ಹೋದರೂ ನಾಲ್ಕು ತಿಂಗಳು ಅಲ್ಲಾಡದ ಮೈ ತೂಕ ಮರೆತಿತ್ತು. ನಡೆದರೆ ಕುಡಿದವನ ನಡಿಗೆ. ಅದಕ್ಕೆ ಎರಡು ತಿಂಗಳ ಅಭ್ಯಾಸ ಬರೆದುಕೊಟ್ಟರು. ಸಿಪ್ಪೆಯ ಗೋಣಿಚೀಲ ಇದ್ದದ್ದು ಅದಕ್ಕೇ: ಮೆತ್ತಗೆ ಕುಸಿಯುವ ಅದರ ಮೇಲೆ ಕಣ್ಣು ಮುಚ್ಚಿ ನಿಲ್ಲಬೇಕು. ಸೀಮೆಸುಣ್ಣದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಬೇಕು. ಗೋಡೆಯ ಮೇಲಿನ ಒಂದು ಅಕ್ಷರದಿಂದ ಕಣ್ಣು ಕೀಳದೆ, ಬೇಡ ಬೇಡ ಎನ್ನುವ ಹಾಗೆ ತಲೆ ಆಡಿಸಬೇಕು. "ತಲೆ ಸುತ್ತುತ್ತೆ ಅಂತ ಹೆದರಿ ಕೂತ್ರೆ ಮೆದುಳು ಏನೂ ಕಲಿಯಲ್ಲ ಸಾರ್. ನೀವು ಮೇಷ್ಟ್ರು, ನಿಮಗೆ ನಾನು ಹೇಳ್ಬೇಕಾ," ಎನ್ನುತ್ತಿದ್ದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಿಟಕಿಯಲ್ಲಿ ಇಣುಕಿ, ಮೇಷ್ಟ್ರು ಗೋಡೆಯ ಜೊತೆ ವಾದ ಮಾಡುತ್ತಿದ್ದಾರೆಂದು ಊರಲ್ಲಿ ಸುದ್ದಿ ಹಬ್ಬಿಸಿದ.

ಶಿರಾದ ಒಬ್ಬ ಗಾರೆಕೆಲಸದ ಸಾಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರಿಗೂ ನನ್ನ ಕಾಯಿಲೆಯೇ. ಸುತ್ತು ಬಿಡಿಸಿದ ಮೇಲೂ ಭಯಕ್ಕೆ ಕಟ್ಟಡದ ಬೊಂಬಿನ ಸಾರುವೆ ಹತ್ತಲು ಕಾಲು ಬರಲಿಲ್ಲ. "ಚಕ್ಕರ್ ಹೋಯ್ತು ಮೇಡಮ್, ಡರ್ ಹೋಗ್ಲಿಲ್ಲ," ಎಂದರಂತೆ. ಮೇಡಮ್ಮ ಅವರ ಜೊತೆ ಕಟ್ಟಡದ ಹತ್ತಿರ ಹೋಗಿ, ಸೀರೆ ಎತ್ತಿ ಕಟ್ಟಿ, ತಾವೇ ಮೊದಲು ಸಾರುವೆ ಹತ್ತಿ ಎರಡನೆಯ ಹಂತದಲ್ಲಿ ಕಾಲು ಇಳಿಬಿಟ್ಟು ಕೂತರು. "ಈಗ ಇಬ್ರಿಗೂ ಡರ್ರು. ಬನ್ನಿ ಭಾಯಿ," ಎಂದರಂತೆ. ಸಾಬರು ಹತ್ತಿದರು. ಈ ಕಥೆಯನ್ನು ಅವರೇ ನನಗೆ ಹೇಳಿ, ಕೊನೆಗೆ, "ಇಳಿಯೋವಾಗ ಅವರಿಗೇ ಕೈ ಕೊಡಬೇಕಾಯ್ತು ಮೇಷ್ಟ್ರೇ, ಅವರು ಯಾವತ್ತೂ ಹತ್ತಿರಲಿಲ್ಲ," ಎಂದರು.

ಇಷ್ಟೇ ಬರೆದು ಮುಗಿಸಿದ್ದರೆ ನಾನು ಕೃತಜ್ಞನಾದ ರೋಗಿಯೆಂದು ಓದುಗರು ತಲೆದೂಗುತ್ತಿದ್ದರು. ಆದರೆ ಮುಂದಿನದು ಇದೆ.

ನಾನು ಗುಣವಾದ ಮರುವರ್ಷ ನಮ್ಮಕ್ಕನಿಗೆ ಅದೇ ಸುತ್ತು ಬಂತು. ಆಟೋ ಹತ್ತಿದರೆ ವಾಂತಿ. ನಾನು ಮೇಡಮ್ಮನ ಹತ್ತಿರ ಹೋಗಿ, ಭಾನುವಾರ ಮನೆಗೇ ಬನ್ನಿ ಎಂದು ಬೇಡಿಕೊಂಡೆ. "ಹೊರಗೆ ನೋಡಬಾರದು ಅಂತ ಟ್ರಸ್ಟಿನ ನಿಯಮ ಸಾರ್," ಎಂದರು. ನಾನು ಬಿಡಲಿಲ್ಲ. ಬಂದರು.

ಅಕ್ಕ ಮಲಗಿದ್ದಲ್ಲಿಂದಲೇ ವಿಚಾರಣೆ ಶುರುಮಾಡಿದಳು. "ಯಾವೂರಾಯ್ತಮ್ಮ ನಿಮ್ದು?"

"ಪಾವಗಡದ ಹತ್ರ ಹಳ್ಳಿ ಅಮ್ಮ."

"ಹಳ್ಳೀಲಿ ಯಾವ ಕಡೆ ಬತ್ತದೆ ಮನೆ?"

"ಕೆರೆ ಏರಿ ಪಕ್ಕ."

"ಅಂಗಲ್ಲ ಕಣಮ್ಮ, ಏರಿ ಪಕ್ಕ ಅಂದ್ರೆ..."

"ಕಾಲನಿ ಅಮ್ಮ. ನೀವು ಕೇಳಬೇಕು ಅಂತಿದ್ದದ್ದಕ್ಕೆ ಅದೇ ಉತ್ತರ," ಎಂದು ಮೇಡಮ್ಮ ಕೈ ತೊಳೆಯಲು ನೀರು ಕೇಳಿದರು.

ನಮ್ಮ ಕಡೆ ಕಾಲನಿ ಎಂದರೆ ಊರ ಹೊರಗಿಟ್ಟ ಯಾರ ಕೇರಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾವು ತಲೆತಲಾಂತರದಿಂದ ಇದೇ ಪೇಟೆಯಲ್ಲಿರುವ, ಕೊರಳಲ್ಲಿ ಲಿಂಗ ಧರಿಸುವ ಜನ. ಕುಲವಿಲ್ಲ ಭೇದವಿಲ್ಲ ಎಂದು ಹಿರಿಯರು ಹೇಳಿದ್ದನ್ನು ನಾನು ಶಾಲೆಯ ಜಯಂತಿಗಳಲ್ಲಿ ಮೈಕಿನ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಭೇದಭಾವ ಇಲ್ಲವೇ ಇಲ್ಲ. ಅದಕ್ಕೇ ಅವತ್ತು ನನ್ನ ಹೆಂಡತಿ ಅಂಗಡಿಯಿಂದ ಒಂದು ಕಟ್ಟು ಪೇಪರ್ ಲೋಟ ತರಿಸಿದಳು. ಮೇಡಮ್ಮನಿಗೂ ಪೇಪರ್ ಲೋಟ, ನನಗೂ ಪೇಪರ್ ಲೋಟ. ಸಮಾನತೆ ಅಂದರೆ ಅದು.

ಅಕ್ಕನ ತಲೆಯನ್ನು ಆ ಕೈಗಳೇ ಹಿಡಿದವು, ತಿರುಗಿಸಿದವು, ಕೆಡವಿದವು. ಅಕ್ಕ ಶಿವಶಿವಾ ಎಂದು ಅದೇ ಕೈಗಳನ್ನು ಅವುಚಿಕೊಂಡಳು. ಎದ್ದು ಕೂತಾಗ ಮನೆ ನಿಂತಿತ್ತು. "ಕೈಗುಣ ಅಂದ್ರೆ ನಿಂದು ಕಣಮ್ಮ," ಎಂದು ಕಣ್ಣೀರು ಹಾಕಿದಳು. ಅದೂ ಸುಳ್ಳಲ್ಲ. ಎರಡು ದಿನ ತಲೆ ಬಗ್ಗಿಸಬೇಡಿ, ತಲೆಸ್ನಾನ ಬೇಡ ಎಂದು ಹೇಳಿ ಮೇಡಮ್ಮ ಜಗುಲಿಗೆ ಬಂದು ಕಾಫಿ ಕುಡಿಯುತ್ತಿದ್ದರು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿತು. ಅಕ್ಕ ನಲ್ಲಿಯ ಕೆಳಗೆ ಬಗ್ಗಿ ತಲೆಗೆ ನೀರು ಬಿಟ್ಟುಕೊಳ್ಳುತ್ತಿದ್ದಳು. ಮೇಡಮ್ಮ ಒಂದು ಗಳಿಗೆ ಆ ಸದ್ದನ್ನು ಕೇಳಿ, ಕಾಫಿ ಮುಗಿಸಿ, ಲೋಟವನ್ನು ಮುದುರಿ ತಮ್ಮ ಬ್ಯಾಗಿಗೇ ಹಾಕಿಕೊಂಡು ಹೊರಟರು. ನಾನು ಹವಾಮಾನದ ಬಗ್ಗೆ ಏನೋ ಹೇಳಿದೆ.

ಬಗ್ಗಿದ್ದಕ್ಕೆ ಕಾಳು ಮತ್ತೆ ಜಾರಿ ಸುತ್ತು ತಿರುಗಿ ಬಂತು. ಮುಂದಿನ ಭಾನುವಾರ ನಾನು ಮತ್ತೆ ಬೇಡಿಕೊಂಡೆ, ಅವರು ಮತ್ತೆ ಬಂದರು. ಅದೇ ಚಿಕಿತ್ಸೆ, ಅದೇ ಶಿವಶಿವಾ. ಈ ಸಲ ಬಾಯಲ್ಲಿ ಹೇಳಲಿಲ್ಲ. ಬ್ಯಾಗಿನಿಂದ ಚೀಟಿ ತೆಗೆದು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದು ನನ್ನ ಕೈಗಿತ್ತರು. "ಅಮ್ಮನಿಗೆ ಓದಿ ಹೇಳಿ ಸಾರ್." ಕಾಫಿಗೆ ನಿಲ್ಲಲಿಲ್ಲ.

ಚೀಟಿಯಲ್ಲಿ ಇದ್ದದ್ದು ಇಷ್ಟು: "ಎರಡು ದಿನ ಬಗ್ಗಬಾರದು. ನಾನು ಮುಟ್ಟಿದ್ದಕ್ಕೆ ತಲೆಸ್ನಾನ ಮಾಡಲೇಬೇಕೆಂದಿದ್ದರೆ ಸ್ಟೂಲಿನ ಮೇಲೆ ಕುಳಿತು, ತಲೆ ನೆಟ್ಟಗೆ ಇಟ್ಟುಕೊಂಡು, ಬೇರೆಯವರಿಂದ ನೀರು ಹಾಕಿಸಿಕೊಳ್ಳಿ."

ಅಕ್ಕನಿಗೆ ಇದನ್ನು ಓದಿ ಹೇಳುವುದು ಹೇಗೆ? ಹೇಳಿದರೆ, ನಮಗೆ ಗೊತ್ತಿರುವುದು ಅವರಿಗೂ ಗೊತ್ತಿದೆಯೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿ ಪೇಪರ್ ಓದುತ್ತಾ ಕೂತೆ. ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು. ಬಚ್ಚಲಲ್ಲಿ ನೀರಿನ ಸದ್ದು ಶುರುವಾಯಿತು. ಏಳಬೇಕು ಎಂದುಕೊಂಡೆ. ಪುಟ ತಿರುವಿದೆ. ನೀರಿನ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿತು. ಹೋಗಿ ನೋಡಿದರೆ ಅಕ್ಕ ಚಪ್ಪಡಿಯ ಮೇಲೆ ಬಿದ್ದಿದ್ದಳು. ಸೊಂಟದ ಕೀಲು ಮುರಿದಿತ್ತು.

ಅಕ್ಕನ ಮಗ ಪಂಪ್‌ಸೆಟ್ಟಿನ ವ್ಯಾಪಾರಿ, ಟ್ರಸ್ಟಿನ ದಾನಿಗಳಲ್ಲಿ ಒಬ್ಬ. ಅವನು ಆಸ್ಪತ್ರೆಯ ವರಾಂಡದಲ್ಲೇ ದೂರು ಬರೆದ: ಅನುಮತಿಯಿಲ್ಲದೆ ಮನೆಗೆ ಬಂದು ವೃದ್ಧೆಯ ಕತ್ತು ತಿರುಚಿದ್ದರಿಂದ ಹೀಗಾಯಿತು. "ಕತ್ತಲ್ಲ ಕಣೋ, ಸೊಂಟ," ಎಂದೆ. "ಎಲ್ಲಾ ಒಂದೇ ನರ ಕಣ್ ಮಾವ, ನೀನು ಸುಮ್ಕಿರು," ಎಂದ. ಸುಮ್ಮನಿರುವುದರಲ್ಲಿ ನನಗೆ ಆ ಹೊತ್ತಿಗೆ ಒಳ್ಳೆಯ ಪ್ರಾವೀಣ್ಯ ಬಂದಿತ್ತು.

ಟ್ರಸ್ಟಿನ ಕಚೇರಿಯಲ್ಲಿ ಸಭೆ ಕರೆದರು. ಕಾರ್ಯದರ್ಶಿಗಳು ಹಳೆಯ ವಕೀಲರು, ನಿಧಾನಸ್ಥರು, ನಮ್ಮವರೇ. ಮೇಡಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರ ಕೆಲಸ ಹೋಗುತ್ತದೋ ಉಳಿಯುತ್ತದೋ ಎನ್ನುವುದು ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗಬೇಕಿತ್ತು.

"ಎಚ್ಚರಿಕೆ ಏನಾದ್ರೂ ಹೇಳಿದ್ರಾ ನೀವು?" ಎಂದು ವಕೀಲರು ಅವರನ್ನು ಕೇಳಿದರು.

"ಬರೆದು ಕೊಟ್ಟಿದ್ದೆ ಸಾರ್. ಮೇಷ್ಟ್ರ ಹತ್ರ ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಚೀಟಿ ನನ್ನ ಜೇಬಿನಲ್ಲೇ ಇತ್ತು, ಎದೆಗೆ ತಾಗಿಕೊಂಡು. ತರಬೇಕೆಂದೇ ತಂದಿದ್ದೆ, ಮನೆಯಿಂದ ಅಲ್ಲಿಯವರೆಗೂ ಕೊಡಬೇಕೆಂದೇ ನಡೆದಿದ್ದೆ. ಆದರೆ ಆ ಚೀಟಿಯನ್ನು ವಕೀಲರು ಗಟ್ಟಿಯಾಗಿ ಓದುತ್ತಾರೆ. "ನಾನು ಮುಟ್ಟಿದ್ದಕ್ಕೆ" ಎಂಬಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು, ನನ್ನನ್ನು ನೋಡುತ್ತಾರೆ. ಜಯಂತಿಗಳಲ್ಲಿ ನನ್ನ ಭಾಷಣ ಕೇಳಿದವರು ಅವರು.

"ಮೇಷ್ಟ್ರೇ, ಚೀಟಿ ಇದೆಯಾ?"

"ಎಲ್ಲೋ ಇಟ್ಟಿದ್ದೀನಿ," ಎಂದೆ. "ಹುಡುಕಬೇಕು."

"ಏನು ಬರೆದಿತ್ತು, ನೆನಪಿದೆಯಾ?"

"ನಾನು ಆಗ ಪೇಪರ್ ಓದ್ತಿದ್ದೆ."

ಮೇಡಮ್ಮ ನನ್ನನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಸುತ್ತು ಬರಿಸಿ, ಅದು ನಿಲ್ಲುವವರೆಗೆ ರೋಗಿಯ ಕಣ್ಣು ನೋಡುತ್ತಾ ಕಾಯುತ್ತಿದ್ದರಲ್ಲ, ಅದೇ ನೋಟ. ಮೂವತ್ತರವರೆಗೆ ಎಣಿಸಿರಬೇಕು. ಆಮೇಲೆ ವಕೀಲರ ಕಡೆ ತಿರುಗಿ, "ಅದರಲ್ಲಿ ಏನಿತ್ತು ಅಂತ ನಾನು ಬಾಯಲ್ಲಿ ಹೇಳಲ್ಲ ಸಾರ್. ಹೇಳಿದ್ರೆ ಅವರ ಮನೆ ಮೇಲೆ ದೂರು ಹೇಳಿದ ಹಾಗಾಗತ್ತೆ," ಎಂದರು.

ಕರಾರನ್ನು ನವೀಕರಿಸಲಾಗಲಿಲ್ಲ ಎಂದು ನಡಾವಳಿಯಲ್ಲಿ ಬರೆದರು. ಕನ್ನಡದಲ್ಲಿ ಕರ್ತೃವಿಲ್ಲದ ವಾಕ್ಯಗಳು ಇಂಥ ಹೊತ್ತಿನಲ್ಲಿ ತುಂಬ ಅನುಕೂಲ. ಅವರ ಕೋಣೆಯಲ್ಲಿ ಈಗ ಖಾಲಿ ರಟ್ಟಿನ ಡಬ್ಬಿಗಳಿವೆ. ಶಿರಾದ ಸಾಬರು ಒಂದು ದಿನ ನಮ್ಮ ಮನೆಗೇ ಬಂದು, "ಮೇಡಮ್ ಯಾಕೆ ಬರಲ್ಲ ಮೇಷ್ಟ್ರೇ, ನಿಮಗೆ ಗೊತ್ತಿರುತ್ತೆ ಅಂತ ಟ್ರಸ್ಟಲ್ಲಿ ಅಂದ್ರು," ಎಂದರು. ನನಗೂ ಗೊತ್ತಿಲ್ಲವೆಂದೆ.

ಎರಡು ವರ್ಷದ ಮೇಲೆ, ಮೊನ್ನೆ, ನನಗೆ ಸುತ್ತು ಮರುಕಳಿಸಿತು. ಗ್ಲೂಕೋಸೂ ಆಯಿತು, ಕೊರಳಪಟ್ಟಿಯೂ ಆಯಿತು. ಪಾವಗಡದಲ್ಲಿ ಮೇಡಮ್ಮ ತಾವೇ ಒಂದು ಕೋಣೆ ಮಾಡಿಕೊಂಡಿದ್ದಾರೆ ಎಂದು ಯಾರೋ ಹೇಳಿದರು. ಬಸ್ಸಿನ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಹೋದೆ. ಮಿಡಿಗೇಶಿ ದಾಟುವವರೆಗೆ ವಾಂತಿ ತಡೆದೆ, ದಾಟಿದ ಮೇಲೆ ಕ್ಷಮಾಪಣೆಯನ್ನು ಗಟ್ಟಿಮಾಡಿದೆ. ಚೀಟಿ ಜೇಬಿನಲ್ಲಿತ್ತು.

ಟೈಲರ್ ಅಂಗಡಿಯ ಹಿಂದಿನ ಕೋಣೆ. ಅದೇ ಬುದ್ಧ, ಅದೇ ಪ್ಲಾಸ್ಟಿಕ್ ಬಳೆ. ಒಳಗಿನ ರಾಗಿ ಕಾಳೊಂದು ಮೊಳಕೆಯೊಡೆದಿತ್ತು. ಮುದುಕಿಯೊಬ್ಬಳ ತಲೆ ಹಿಡಿದು, "ಕಳ್ಳು ಮೂಸ್ಕೋವದ್ದು ಅವ್ವಾ," ಎಂದು ತೆಲುಗಿನಲ್ಲಿ ಹೇಳಿ ಕಣ್ಣು ತೆರೆಸುತ್ತಿದ್ದರು. ನನ್ನನ್ನು ನೋಡಿದರು. ಬೆಂಚು ತೋರಿಸಿದರು. ನನ್ನ ಸರದಿ ಬಂದಾಗ ಕೈ ತೊಳೆದರು.

"ಯಾವ ಕಡೆ ಸಾರ್?"

"ಬಲಗಡೆ. ಮೇಡಮ್, ಅವತ್ತು ಆ ಚೀಟಿ..."

"ಮಾತಾಡಬೇಡಿ. ತಲೆ ಅಲ್ಲಾಡುತ್ತೆ."

ತಿರುಗಿಸಿದರು, ಕೆಡವಿದರು, ಎಣಿಸಿದರು. ಮೂವತ್ತಕ್ಕೆ ಪ್ರಪಂಚ ನಿಂತಿತು. ಎಬ್ಬಿಸಿ ಕೂರಿಸಿ, ಬೇರೆಲ್ಲ ರೋಗಿಗಳಿಗೆ ಹೇಳುವ ದನಿಯಲ್ಲೇ ಹೇಳಿದರು: "ಎರಡು ದಿನ ಬಗ್ಗಬೇಡಿ. ಮನೆಗೆ ಹೋಗಿ ಸ್ನಾನ ಮಾಡ್ಲೇಬೇಕು ಅಂದ್ರೆ ಸ್ಟೂಲ್ ಮೇಲೆ ಕೂತು, ತಲೆ ನೆಟ್ಟಗೆ ಇಟ್ಕೊಂಡು ಮಾಡಿ. ಬರೆದು ಕೊಡ್ಲಾ?"

"ಬೇಡ. ನನ್ನ ಹತ್ರ ಇದೆ."

"ಓ," ಎಂದರು. "ಸಿಕ್ತಾ ಸಾರ್?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಬೆಂಚಿನಲ್ಲಿದ್ದ ಮುಂದಿನವರನ್ನು ಕರೆದರು.

ಮನೆಗೆ ಬಂದಾಗ ಸಂಜೆ. ಅಕ್ಕ ಈಗ ನಡುಮನೆಯ ಮಂಚದಿಂದ ಏಳುವುದಿಲ್ಲ. ಆಳುವುದು ಮಾತ್ರ ಅಲ್ಲಿಂದಲೇ. "ಎಲ್ಲಿಗೋಗಿದ್ಯಲಾ? ಹೆಂಗೈತೆ ಸುತ್ತು?"

"ಹೋಯ್ತು. ಪಾವಗಡದಲ್ಲಿ ಒಬ್ಬ ಡಾಕ್ಟ್ರು ನೋಡಿದ್ರು."

"ನಮ್ಮೋರಾ?"

ನಾನು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದೆ. "ಕೇಳಲಿಲ್ಲ," ಎಂದೆ.

"ಹಂಡೇಲಿ ನೀರು ಕಾದೈತೆ. ಬಸ್ಸಲ್ಲಿ ಯಾರ್ಯಾರ್ ಮುಟ್ಟಿರ್ತಾರೋ ಏನೋ, ತಲೆಗೆ ಹಾಕ್ಕೊಂಡು ಒಳೀಕ್ ಬಾ."

ಬಚ್ಚಲಿಗೆ ಸ್ಟೂಲು ತಂದಿಟ್ಟುಕೊಂಡೆ. ಕೂತೆ. ತಲೆ ನೆಟ್ಟಗೆ ಇಟ್ಟುಕೊಂಡೆ. ಹೆಂಡತಿ ನೀರು ಹಾಕಿದಳು. ಆ ಚೀಟಿಯಲ್ಲಿ ಬರೆದಿದ್ದನ್ನು ನಮ್ಮ ಮನೆಯಲ್ಲಿ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದು ಅವತ್ತೇ ಮೊದಲು.